ಎರಡು ಇಡ್ಲಿ, ಬೈ-ಟು ಕಾಫಿ, ಒಂದಿಷ್ಟು ಇಂಗಾಲ

ಬೆಂಗಳೂರಿನ ಚಾಮರಾಜಪೇಟೆಯ ಯಾವ ದರ್ಶಿನಿಗೆ ಹೋದರೂ ಬೆಳಗಿನ ಎಂಟರ ಹೊತ್ತಿಗೆ ಕೇಳಿಸುವ ಆರ್ಡರ್ ಹೆಚ್ಚುಕಡಿಮೆ ಒಂದೇ: ಎರಡು ಇಡ್ಲಿ, ಒಂದು ಬೈ-ಟು ಕಾಫಿ. ಅದರ ಬೆಲೆ ಗೋಡೆಯ ಬೋರ್ಡಿನಲ್ಲಿದೆ. ಆ ತಿಂಡಿ ತಟ್ಟೆಗೆ ಬೀಳುವಷ್ಟರಲ್ಲಿ ಎಲ್ಲೆಲ್ಲಿ ಎಷ್ಟೆಷ್ಟು ಹಸಿರುಮನೆ ಅನಿಲ ಗಾಳಿಗೆ ಸೇರಿತು ಎಂಬುದಕ್ಕೂ ಒಂದು ಲೆಕ್ಕವಿದೆ; ಆ ಲೆಕ್ಕ ಹಾಕುವುದನ್ನೇ ಕಸುಬು ಮಾಡಿಕೊಂಡವರಿದ್ದಾರೆ. ಇಂಗಾಲದ ಹೆಜ್ಜೆಗುರುತು ಎಂಬ ಮಾತು ಪತ್ರಿಕೆಗಳಲ್ಲಿ, ಭಾಷಣಗಳಲ್ಲಿ ಸವೆದುಹೋಗುವಷ್ಟು ಓಡಾಡುತ್ತಿದೆ. ಅದನ್ನು ಅಳೆಯುವವರು ಕೂತು ಏನು ಮಾಡುತ್ತಾರೆ ಎಂಬುದರ ಬಗ್ಗೆ ಮಾತ್ರ ಮಾತು ಕಡಿಮೆ. ನನಗೆ ಆ ಕೆಲಸದ ಮೇಲೆಯೇ ಮೋಹ.

ಇಡ್ಲಿಯ ಮೇಲೆ ಮೀಟರ್ ಇಟ್ಟರೆ ಬರುವ ಸಂಖ್ಯೆ ಇದಲ್ಲ. ಮೂಲತಃ ಇದು ಖಾತೆ ಬರೆಯುವ ವಿದ್ಯೆ. ಪಕ್ಕದ ತರಗುಪೇಟೆಯ ಮಂಡಿಯಲ್ಲಿ ಗುಮಾಸ್ತರು ಮೂಟೆ ಎಲ್ಲಿಂದ ಬಂತು, ಹಮಾಲಿ ಎಷ್ಟು, ಲಾರಿ ಬಾಡಿಗೆ ಎಷ್ಟು, ಸೋರಿದ್ದು ಎಷ್ಟು ಎಂದು ಕಿರ್ದಿಯಲ್ಲಿ ಬರೆದುಕೊಂಡ ಹಾಗೆ, ಇಲ್ಲಿ ರೂಪಾಯಿಯ ಜಾಗದಲ್ಲಿ ಅನಿಲ. ಆದರೆ ಅನಿಲ ಒಂದೇ ಬಗೆಯದಲ್ಲ. ಗ್ಯಾಸ್ ಉರಿದರೆ ಇಂಗಾಲದ ಡೈಆಕ್ಸೈಡ್, ಭತ್ತದ ಗದ್ದೆಯಿಂದ ಮೀಥೇನ್, ಯೂರಿಯಾ ಚೆಲ್ಲಿದ ನೆಲದಿಂದ ನೈಟ್ರಸ್ ಆಕ್ಸೈಡ್. ಮೂರನ್ನೂ ಒಂದೇ ನಾಣ್ಯಕ್ಕೆ ತರಬೇಕು. ವಿಶ್ವಸಂಸ್ಥೆಯ ಹವಾಮಾನ ಸಮಿತಿಯಾದ ಐಪಿಸಿಸಿಯ ಆರನೆಯ ವರದಿಯ ಪ್ರಕಾರ ನೂರು ವರ್ಷದ ಅವಧಿಯಲ್ಲಿ ಒಂದು ಕೆಜಿ ಜೈವಿಕ ಮೀಥೇನ್ 27 ಕೆಜಿ ಇಂಗಾಲದ ಡೈಆಕ್ಸೈಡಿಗೆ ಸಮ, ಒಂದು ಕೆಜಿ ನೈಟ್ರಸ್ ಆಕ್ಸೈಡ್ 273 ಕೆಜಿಗೆ ಸಮ. ಈ ವಿನಿಮಯ ದರ ಕೈಯಲ್ಲಿದ್ದರೆ ಕಿರ್ದಿ ತೆರೆಯಬಹುದು.

ಮೊದಲ ಪುಟದಲ್ಲೇ ಒಂದು ಪ್ರಶ್ನೆ ಕೂತಿರುತ್ತದೆ: ಅಳೆಯುತ್ತಿರುವುದು ಏನನ್ನು? ಒಂದು ಕೆಜಿ ಇಡ್ಲಿಯನ್ನೋ, ಒಂದು ಪ್ಲೇಟನ್ನೋ, ಒಬ್ಬರ ಬೆಳಗಿನ ಹಸಿವನ್ನೋ? ಹಾಲಿನಲ್ಲಿ ನೂರಕ್ಕೆ ಎಂಬತ್ತಕ್ಕಿಂತ ಹೆಚ್ಚು ಪಾಲು ನೀರು. ಕೆಜಿಗೆ ಕೆಜಿ ಎಂದು ಅದನ್ನು ಅಕ್ಕಿಯ ಪಕ್ಕ ನಿಲ್ಲಿಸಿದರೆ ಹಾಲು ಗೆದ್ದಂತೆ ಕಾಣುತ್ತದೆ. ಪ್ರೋಟೀನಿನ ಲೆಕ್ಕ ತೆಗೆದರೆ ಉದ್ದಿನಬೇಳೆ ಇಬ್ಬರನ್ನೂ ಹಿಂದೆ ಹಾಕುತ್ತದೆ. ಹಾಗಾಗಿ ಅಳತೆಯ ಘಟಕವನ್ನು ಮೊದಲೇ ಬರೆದು, ಕೊನೆಯವರೆಗೂ ಅದಕ್ಕೆ ಬದ್ಧವಾಗಿರಬೇಕು. ನಾವು ಒಬ್ಬರ ತಿಂಡಿಯನ್ನೇ ಹಿಡಿಯೋಣ: ಎರಡು ಇಡ್ಲಿ, ಬೈ-ಟುವಿನಲ್ಲಿ ಒಬ್ಬರ ಪಾಲಿನ ಕಾಫಿ.

ಎರಡನೆಯದು ಗಡಿ. ಒಲೆಯ ಗ್ಯಾಸನ್ನು ಎಣಿಸುತ್ತೇವೆ ಸರಿ, ಒಲೆ ಮಾಡಿದ ಕಬ್ಬಿಣವನ್ನು? ಭಟ್ಟರು ಬಸ್ಸಿನಲ್ಲಿ ಬಂದದ್ದನ್ನು? ಗಿರಾಕಿ ಸ್ಕೂಟರಿನಲ್ಲಿ ಬಂದದ್ದನ್ನು? ಗಡಿ ಹಾಕದಿದ್ದರೆ ಲೆಕ್ಕ ಎಂದಿಗೂ ಮುಗಿಯದು. 2008ರಲ್ಲಿ ಬ್ರಿಟನ್ನಿನ ಮಾನಕ ಸಂಸ್ಥೆ ಹೊರತಂದ ಪಾಸ್ 2050 ಎಂಬ ನಿಯಮಾವಳಿ ಇಂಥವಕ್ಕೆಲ್ಲ ಉತ್ತರ ಕೊಟ್ಟಿತು. ಯಂತ್ರ-ಕಟ್ಟಡ ಬಿಡಿ, ಕೆಲಸಗಾರರು ಮನೆಯಿಂದ ಬರುವುದನ್ನು ಬಿಡಿ, ಗಿರಾಕಿ ಅಂಗಡಿಗೆ ಬರುವುದನ್ನು ಬಿಡಿ, ಮನುಷ್ಯರ ಮೈದುಡಿಮೆಯನ್ನು ಬಿಡಿ, ಸಾಗಾಣಿಕೆಗೆ ಹೂಡಿದ ಪ್ರಾಣಿಗಳನ್ನೂ ಬಿಡಿ ಎಂದಿತು. ಅಲ್ಲಿಯವರಿಗೆ ಅದು ಸಣ್ಣ ಟಿಪ್ಪಣಿ. ನಮ್ಮ ಕಡೆಯವರಿಗೆ ಹಾಗಲ್ಲ.

ಯಾಕೆಂದರೆ ಇದೇ ಬೆಂಗಳೂರಿನಲ್ಲಿ, ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ, ಅಮೂಲ್ಯ ರೆಡ್ಡಿಯವರು 1974ರಲ್ಲಿ ಕಟ್ಟಿದ ‘ಅಸ್ತ್ರ’ ತಂಡ ಬಿಟ್ಟುಬಿಡಿ ಎಂದದ್ದನ್ನೇ ಮೊದಲು ಎಣಿಸಿತ್ತು. ಕುಣಿಗಲ್ ತಾಲ್ಲೂಕಿನ ಉಂಗ್ರ, ಪುರ ಮೊದಲಾದ ಹಳ್ಳಿಗಳಲ್ಲಿ ಆ ತಂಡದವರು ಸೌದೆ, ಸೀಮೆಎಣ್ಣೆ, ಕರೆಂಟು ಮಾತ್ರವಲ್ಲದೆ ಎತ್ತಿನ ದುಡಿಮೆ, ಗಂಡಸರ ದುಡಿಮೆ, ನೀರಿಗೂ ಸೌದೆಗೂ ನಡೆದ ಹೆಂಗಸರು-ಮಕ್ಕಳ ಹೊತ್ತು, ಎಲ್ಲವನ್ನೂ ಒಂದೇ ಶಕ್ತಿಯ ಖಾತೆಗೆ ತಂದರು. ಅದು ಇಂಗಾಲದ ಲೆಕ್ಕವಲ್ಲ, ಶಕ್ತಿಯ ಲೆಕ್ಕ. ಆದರೂ ಒಂದು ಊಟದ ಹಿಂದೆ ಏನೇನು ಖರ್ಚಾಯಿತು ಎಂದು ಮನೆಮನೆಗೆ ಹೋಗಿ ಕೂಡಿಸಿ ಬರೆಯುವ ಶಿಸ್ತು ಅದೇ. ಹಳ್ಳಿಯ ಶಕ್ತಿಯಲ್ಲಿ ಬಹುಪಾಲು ಅಡುಗೆಯ ಸೌದೆಗೇ ಹೋಗುತ್ತಿದೆ ಎಂದು ಕಂಡದ್ದು ಅಲ್ಲಿಯೇ. ಸೌದೆ ಉಳಿಸುವ ಅಸ್ತ್ರ ಒಲೆ ಹುಟ್ಟಿದ್ದು ಆ ಅರಿವಿನ ಬೆನ್ನಿಗೆ. ಗಡಿಯನ್ನು ಎಲ್ಲಿ ಎಳೆಯುತ್ತೇವೋ ಅದರ ಒಳಗಿನದು ಮಾತ್ರ ಕಣ್ಣಿಗೆ ಬೀಳುತ್ತದೆ. ಅಸ್ತ್ರದವರು ಅದನ್ನು ಅಗಲವಾಗಿ ಎಳೆದರು.

ಇನ್ನು ಅಕ್ಕಿಗೆ ಬರೋಣ. ಇಡ್ಲಿಯ ಕಥೆಯ ಹೆಚ್ಚಿನ ಭಾಗ ಅಡುಗೆಮನೆಯಲ್ಲಿ ನಡೆಯುವುದೇ ಇಲ್ಲ, ಗದ್ದೆಯಲ್ಲಿ ನಡೆಯುತ್ತದೆ. ನೀರು ನಿಂತ ಗದ್ದೆಯ ಕೆಸರಿಗೆ ಗಾಳಿ ತಾಕುವುದಿಲ್ಲ. ಗಾಳಿಯಿಲ್ಲದೆ ಬದುಕುವ ಸೂಕ್ಷ್ಮಜೀವಿಗಳು ಅಲ್ಲಿ ಕೊಳೆತ ಬೇರು, ಹುಲ್ಲು, ಗೊಬ್ಬರವನ್ನು ತಿಂದು ಮೀಥೇನ್ ಬಿಡುತ್ತವೆ. ಅದರಲ್ಲಿ ಸ್ವಲ್ಪ ಗುಳ್ಳೆಯಾಗಿ ಮೇಲೆ ಬರುತ್ತದೆ. ಹೆಚ್ಚಿನದು ಭತ್ತದ ಗಿಡದ ಒಳಗಿನ ಗಾಳಿಕೊಳವೆಗಳ ಮೂಲಕವೇ ಹೊರಗೆ ಹೋಗುತ್ತದೆ. ಬೇರಿಗೆ ಆಮ್ಲಜನಕ ಇಳಿಸಿಕೊಳ್ಳಲು ಗಿಡ ಮಾಡಿಕೊಂಡ ದಾರಿಯದು. ಮೀಥೇನಿಗೆ ಅದೇ ಚಿಮಣಿ.

ಇದನ್ನು ಅಳೆಯುವ ಬಗೆ ನೋಡಲು ಚೆಂದ. ಗದ್ದೆಯಲ್ಲಿ ನಾಲ್ಕಾರು ಪೈರಿನ ಬುಡಗಳನ್ನು ಒಳಗೆ ಮಾಡಿಕೊಂಡು ಅಕ್ರಿಲಿಕ್ ಪೆಟ್ಟಿಗೆಯನ್ನು ಕವುಚುತ್ತಾರೆ. ಕೆಲವು ನಿಮಿಷಗಳಿಗೊಮ್ಮೆ ಸಿರಿಂಜಿನಿಂದ ಒಳಗಿನ ಗಾಳಿಯನ್ನು ಎಳೆದು ಶೀಷೆಗೆ ತುಂಬಿ, ಪ್ರಯೋಗಾಲಯದ ಗ್ಯಾಸ್ ಕ್ರೊಮೆಟೊಗ್ರಾಫಿಗೆ ಕೊಡುತ್ತಾರೆ. ಪೆಟ್ಟಿಗೆಯೊಳಗೆ ಮೀಥೇನ್ ಯಾವ ವೇಗದಲ್ಲಿ ಏರಿತು ಎಂಬುದರಿಂದ ಗದ್ದೆಯ ಬಿಡುಗಡೆ ಗೊತ್ತಾಗುತ್ತದೆ. ಪೆಟ್ಟಿಗೆಗೆ ಹೋಗಲು ಅಳೆಯುವವರು ಕೆಸರಿಗೆ ಕಾಲಿಟ್ಟರೆ ಗುಳ್ಳೆ ಎದ್ದು ಲೆಕ್ಕವೇ ಕೆಡುತ್ತದೆ. ಅದಕ್ಕೆ ಹಲಗೆ ಹಾಸಿಕೊಂಡು ನಡೆಯಬೇಕು. ನಾಟಿಯಿಂದ ಕೊಯ್ಲಿನವರೆಗೆ ಮತ್ತೆ ಮತ್ತೆ ಇದೇ ಕೆಲಸ.

ಎಲ್ಲ ಗದ್ದೆಗೂ ಪೆಟ್ಟಿಗೆ ಇಡಲಾಗದು. ಅದಕ್ಕೆಂದೇ ಐಪಿಸಿಸಿ 2019ರಲ್ಲಿ ಪರಿಷ್ಕರಿಸಿದ ಕೈಪಿಡಿಯಲ್ಲಿ ದಕ್ಷಿಣ ಏಷ್ಯಾಕ್ಕೆ ಸಿದ್ಧ ಸಂಖ್ಯೆ ಕೊಟ್ಟಿದೆ: ಸದಾ ನೀರು ನಿಂತ ಗದ್ದೆಯ ಒಂದು ಹೆಕ್ಟೇರಿನಿಂದ ದಿನಕ್ಕೆ 0.85 ಕೆಜಿ ಮೀಥೇನ್, ಬೆಳೆಯ ಅವಧಿ 112 ದಿನ. ಗುಣಿಸಿದರೆ ಸುಮಾರು 95 ಕೆಜಿ. ಅದನ್ನು 27ರಿಂದ ಗುಣಿಸಿದರೆ ಹೆಚ್ಚುಕಡಿಮೆ 2,570 ಕೆಜಿ ಇಂಗಾಲದ ಡೈಆಕ್ಸೈಡಿಗೆ ಸಮ. ಹೆಕ್ಟೇರಿಗೆ 5 ಟನ್ ಭತ್ತ ಬಂದು, ಅದರಲ್ಲಿ ನೂರಕ್ಕೆ 65 ಭಾಗ ಅಕ್ಕಿಯಾಯಿತು ಎಂದಿಟ್ಟುಕೊಳ್ಳಿ. ಒಂದು ಕೆಜಿ ಅಕ್ಕಿಗೆ ಮೀಥೇನಿನ ಬಾಬತ್ತೇ ಸುಮಾರು 790 ಗ್ರಾಂ. ಎರಡು ಇಡ್ಲಿಗೆ 50 ಗ್ರಾಂ ಅಕ್ಕಿ ಅಥವಾ ಅಕ್ಕಿ ರವೆ ಹಿಡಿದರೆ 40 ಗ್ರಾಂ.

ಈಗ ಅದೇ ಗದ್ದೆಯಲ್ಲಿ ನಡುನಡುವೆ ನೀರು ಬಸಿದು, ಮಣ್ಣಿಗೆ ಗಾಳಿಯಾಡಲು ಬಿಟ್ಟರೆ? ಹಲವು ಸಲ ಬಸಿದ ಗದ್ದೆಗೆ ಕೈಪಿಡಿ ಕೊಡುವ ಗುಣಕ 0.55. ಅಂದರೆ ಹತ್ತಿರ ಹತ್ತಿರ ಅರ್ಧ ಇಳಿಯುತ್ತದೆ. ಮಂಡ್ಯದ ವಿಶ್ವೇಶ್ವರಯ್ಯ ನಾಲೆಯಲ್ಲಿ ನೀರು ಕಡಿಮೆಯಾದ ವರ್ಷಗಳಲ್ಲಿ ಕಟ್ಟು ಪದ್ಧತಿಯಲ್ಲಿ ಸರದಿಯ ಮೇಲೆ ನೀರು ಬಿಡುತ್ತಾರಲ್ಲ, ಆಗ ಗದ್ದೆ ತಾನಾಗಿಯೇ ನೆನೆಯುತ್ತ ಆರುತ್ತ ಇರುತ್ತದೆ. ರೈತರು ಬೈದುಕೊಳ್ಳುವ ಆ ವರ್ಷಗಳಲ್ಲಿ ಅಕ್ಕಿಯ ಇಂಗಾಲ ಕಡಿಮೆ, ಇಳುವರಿ ಬಿದ್ದುಹೋಗದಿದ್ದರೆ. ಇಳುವರಿ ಬಿದ್ದರೆ ಭಾಗಾಕಾರದ ಕೆಳಗಿನ ಸಂಖ್ಯೆ ಚಿಕ್ಕದಾಗಿ, ಉಳಿಸಿದ್ದೆಲ್ಲ ಹೋಯಿತು. ಬೆಂಗಳೂರು ಕೃಷಿ ವಿಶ್ವವಿದ್ಯಾಲಯ 2007ರಲ್ಲಿ ಬಿಡುಗಡೆ ಮಾಡಿದ ಎಂಎಎಸ್ 946-1 ಎಂಬ ಏರೋಬಿಕ್ ಭತ್ತದ ತಳಿ ನೀರು ನಿಲ್ಲಿಸದೆಯೇ ಬೆಳೆಯಲೆಂದು ಆದದ್ದು. ನೀರು ಉಳಿಸುವುದು ಅದರ ಗುರಿ. ಮೀಥೇನ್ ಉಳಿತಾಯ ಜೊತೆಗೆ ಬಂದ ಲಾಭ.

ಕಿರ್ದಿ ಇಷ್ಟಕ್ಕೇ ಸುಮ್ಮನಾಗುವುದಿಲ್ಲ. ಗದ್ದೆ ಆರಿದಾಗ ಮೀಥೇನ್ ಇಳಿದರೂ ನೈಟ್ರಸ್ ಆಕ್ಸೈಡ್ ಏರುತ್ತದೆ. ಹಾಕಿದ ಸಾರಜನಕದಲ್ಲಿ ಸದಾ ನೀರಿರುವ ಗದ್ದೆಯಿಂದ ನೂರಕ್ಕೆ 0.3 ಭಾಗ ಹೀಗೆ ಹೋದರೆ, ಬಸಿದ ಗದ್ದೆಯಿಂದ 0.5 ಭಾಗ. ಹೆಕ್ಟೇರಿಗೆ 100 ಕೆಜಿ ಸಾರಜನಕ ಹಾಕಿದ್ದಾರೆಂದರೆ ಈ ಏರಿಕೆ ಸುಮಾರು 85 ಕೆಜಿ ಇಂಗಾಲದ ಡೈಆಕ್ಸೈಡಿಗೆ ಸಮ. ಮೀಥೇನಿನಲ್ಲಿ ಉಳಿತಾಯವಾದದ್ದು 1,150 ಕೆಜಿ. ಬಸಿಯುವುದೇ ಮೇಲು ಎಂದಾಯಿತು, ಆದರೆ ಎರಡನ್ನೂ ಬರೆದ ಮೇಲೆ. ಈ ಕಸುಬಿನ ಮರ್ಯಾದೆ ಇರುವುದು ಇಲ್ಲಿ. ಒಂದು ಕಡೆ ಇಳಿದದ್ದನ್ನು ತೋರಿಸಿ ಇನ್ನೊಂದು ಕಡೆ ಏರಿದ್ದನ್ನು ಮಡಿಚಿಡುವ ಲೆಕ್ಕ ಜಾಹೀರಾತಿಗೆ ಸಾಕು, ಕಿರ್ದಿಗೆ ಸಾಲದು.

ನೀರೆತ್ತುವ ಪಂಪಿನ ವಿಷಯವೂ ಹೀಗೆಯೇ. ನಾಲೆಯ ನೀರು ಇಳಿಜಾರಿನಲ್ಲಿ ತಾನೇ ಬರುತ್ತದೆ. ಬೋರ್‌ವೆಲ್ ನೀರಿಗೆ ಕರೆಂಟು ಬೇಕು. ಕರ್ನಾಟಕದಲ್ಲಿ 10 ಎಚ್‌ಪಿವರೆಗಿನ ಪಂಪ್‌ಸೆಟ್ಟಿಗೆ ಕರೆಂಟು ಉಚಿತ. ರೈತರ ಬಿಲ್ಲಿನಲ್ಲಿ ಸೊನ್ನೆ, ಇಂಗಾಲದ ಖಾತೆಯಲ್ಲಿ ಸೊನ್ನೆಯಲ್ಲ. ಒಂದು ಯೂನಿಟ್ಟಿಗೆ ದೇಶದ ಗ್ರಿಡ್ಡಿನ ಸರಾಸರಿ ಸುಮಾರು 0.7 ಕೆಜಿ ಇಂಗಾಲದ ಡೈಆಕ್ಸೈಡ್. ಶರಾವತಿಯ ಜಲವಿದ್ಯುತ್ತೂ ಪಾವಗಡದ ಬಿಸಿಲೂ ನಮ್ಮದೇ ಅಲ್ಲವೇ ಎಂದರೆ, 2013ರ ಡಿಸೆಂಬರ್ 31ರಂದು ದಕ್ಷಿಣದ ಗ್ರಿಡ್ ದೇಶದ ಉಳಿದ ಗ್ರಿಡ್ಡಿಗೆ ಕೂಡಿಕೊಂಡಿದೆ. ತಂತಿಯಲ್ಲಿ ಬರುವ ಕರೆಂಟಿಗೆ ಊರಿನ ಹೆಸರಿಲ್ಲ.

ಲಾರಿಯ ಬಗ್ಗೆ ಎಲ್ಲರಿಗೂ ಒಂದು ಗುಮಾನಿ. ದೂರದಿಂದ ಬಂದದ್ದೇ ಪಾಪ, ಹತ್ತಿರದ್ದೇ ಪುಣ್ಯ ಎಂಬ ನಂಬಿಕೆ ಪೇಟೆಯಲ್ಲಿ ಬಲವಾಗಿದೆ. ಲೆಕ್ಕ ಹಾಕಿ ನೋಡಿ. ಭತ್ತ ಬೆಳೆಯುವ ಸಿಂಧನೂರಿನಿಂದ ಬೆಂಗಳೂರಿಗೆ 400 ಕಿಲೋಮೀಟರ್ ಎನ್ನೋಣ. ಹತ್ತು ಟನ್ ಹೊತ್ತ ಲಾರಿ ಲೀಟರಿಗೆ ನಾಲ್ಕು ಕಿಲೋಮೀಟರ್ ಓಡಿದರೆ 100 ಲೀಟರ್ ಡೀಸೆಲ್. ಒಂದು ಲೀಟರ್ ಸುಟ್ಟರೆ 2.68 ಕೆಜಿ ಇಂಗಾಲದ ಡೈಆಕ್ಸೈಡ್. ವಾಪಸ್ಸು ಖಾಲಿ ಹೋಗುತ್ತದೆಂದು ಕಠಿಣವಾಗಿಯೇ ಹಿಡಿದು, ಮರಳುವಾಗಲೂ ಅಷ್ಟೇ ಡೀಸೆಲ್ ಎಂದು ದುಪ್ಪಟ್ಟು ಮಾಡಿದರೂ ಕೆಜಿ ಅಕ್ಕಿಗೆ 54 ಗ್ರಾಂ. ನಮ್ಮ ಎರಡು ಇಡ್ಲಿಯ ಪಾಲಿಗೆ ಮೂರು ಗ್ರಾಂ ಕೂಡ ಇಲ್ಲ. ಅಕ್ಕಿ ಎಷ್ಟು ದೂರ ಬಂತು ಎನ್ನುವುದಕ್ಕಿಂತ ಗದ್ದೆಯಲ್ಲಿ ನೀರು ಎಷ್ಟು ದಿನ ನಿಂತಿತ್ತು ಎನ್ನುವುದು ಹತ್ತು ಪಟ್ಟಿಗಿಂತ ದೊಡ್ಡ ಪ್ರಶ್ನೆ. ವಿಮಾನದಲ್ಲಿ ಬಂದ ಹಣ್ಣಿನ ಮಾತು ಬೇರೆ. ಅದು ಇಡ್ಲಿಯ ತಟ್ಟೆಗೆ ಬರುವುದಿಲ್ಲ.

ಅಡುಗೆಮನೆಯನ್ನು ಬೇಗ ಮುಗಿಸಬಹುದು. ಒಂದು ಎಚ್‌ಪಿ ಗ್ರೈಂಡರ್ ಒಂದು ಗಂಟೆ ತಿರುಗಿದರೆ ಮುಕ್ಕಾಲು ಯೂನಿಟ್. ಅದು ಮುನ್ನೂರು ಇಡ್ಲಿಯ ಹಿಟ್ಟಾದರೆ ಪ್ಲೇಟಿಗೆ ಮೂರೂವರೆ ಗ್ರಾಂ. ಹಿಟ್ಟು ಹುದುಗುವುದಕ್ಕೆ ಬೆಂಗಳೂರಿನ ರಾತ್ರಿ ಸಾಕು. ಎಲ್‌ಪಿಜಿ ಕೆಜಿಗೆ ಸುಮಾರು ಮೂರು ಕೆಜಿ ಇಂಗಾಲದ ಡೈಆಕ್ಸೈಡ್ ಬಿಡುತ್ತದೆ. ನೂರು ಇಡ್ಲಿಯ ಒಂದು ಒಬ್ಬೆಗೆ ಕಾಲು ಕೆಜಿ ಗ್ಯಾಸ್ ಎಂದರೆ ಪ್ಲೇಟಿಗೆ 15 ಗ್ರಾಂ. ಇದನ್ನು ಊಹೆಯಿಂದ ಬರೆಯಬೇಕಾಗಿಯೂ ಇಲ್ಲ: ಬೆಳಿಗ್ಗೆ ಅಂಗಡಿ ತೆರೆಯುವಾಗ ಸಿಲಿಂಡರ್ ತೂಗಿ, ತಿಂಡಿ ಹೊತ್ತು ಮುಗಿದ ಮೇಲೆ ಮತ್ತೆ ತೂಗಿ, ಹೋದ ಪ್ಲೇಟುಗಳಿಂದ ಭಾಗಿಸಿದರಾಯಿತು. ಒಬ್ಬೆ ಒಬ್ಬೆಯ ನಡುವೆ ಒಲೆ ಸುಮ್ಮನೆ ಉರಿಯುತ್ತಿದ್ದರೆ ಆ ತೂಕದಲ್ಲೇ ಸಿಕ್ಕಿಬೀಳುತ್ತದೆ. ಸಾಂಬಾರಿನದು ಮತ್ತೊಂದು ಉದ್ದ ಖಾತೆ, ತೊಗರಿಬೇಳೆಯಿಂದ ಕರಿಬೇವಿನವರೆಗೆ. ಪಕ್ಕದ ಶಂಕರಪುರದಲ್ಲಿ 1965ರಿಂದ ಇರುವ ಬ್ರಾಹ್ಮಿನ್ಸ್ ಕಾಫಿ ಬಾರ್ ಸಾಂಬಾರನ್ನೇ ಕೊಡುವುದಿಲ್ಲ, ಚಟ್ನಿ ಮಾತ್ರ. ಲೆಕ್ಕ ಬರೆಯುವವರಿಗೆ ಅಂಥ ಹೋಟೆಲು ದೊಡ್ಡ ಉಪಕಾರ.

ಕಾಫಿಯಲ್ಲಿ ಕಾಫಿಗಿಂತ ಹಾಲಿನ ಕಥೆ ದೊಡ್ಡದು. ಹಸುವಿನ ಮೊದಲ ಹೊಟ್ಟೆಯಲ್ಲೂ ಗದ್ದೆಯ ಕೆಸರಿನಂಥದೇ ಗಾಳಿಯಿಲ್ಲದ ಜಾಗ, ಅಂಥದೇ ಸೂಕ್ಷ್ಮಜೀವಿಗಳು. ಹುಲ್ಲು ಜೀರ್ಣವಾಗುವಾಗ ಹುಟ್ಟಿದ ಮೀಥೇನ್ ಬಹುತೇಕ ತೇಗಾಗಿ ಬಾಯಿಯಿಂದ ಹೊರಬರುತ್ತದೆ. ಅದನ್ನು ಅಳೆಯುವ ಒಂದು ವಿಧಾನ ಕೇಳಿದರೆ ಯಾರಿಗಾದರೂ ಗೌರವ ಹುಟ್ಟುತ್ತದೆ. ಸಲ್ಫರ್ ಹೆಕ್ಸಾಫ್ಲೋರೈಡ್ ಎಂಬ ಅನಿಲವನ್ನು ಗೊತ್ತಾದ ವೇಗದಲ್ಲಿ ಬಿಡುವ ಪುಟ್ಟ ಕೊಳವೆಯನ್ನು ಹಸುವಿನ ಹೊಟ್ಟೆಗೆ ಇಳಿಸುತ್ತಾರೆ. ಮೂಗಿನ ಹತ್ತಿರದಿಂದ ಉಸಿರನ್ನು ನಿಧಾನವಾಗಿ ಎಳೆದುಕೊಳ್ಳುವ ಗಾಳಿ ತೆಗೆದ ಡಬ್ಬಿಯನ್ನು ಕುತ್ತಿಗೆಗೆ ಕಟ್ಟುತ್ತಾರೆ. ಇಪ್ಪತ್ನಾಲ್ಕು ಗಂಟೆ ಹಸು ಮೇಯುತ್ತ, ಮೆಲುಕು ಹಾಕುತ್ತ ತನ್ನ ಪಾಡಿಗಿರುತ್ತದೆ. ಡಬ್ಬಿಯಲ್ಲಿ ಗುರುತಿನ ಅನಿಲಕ್ಕೂ ಮೀಥೇನಿಗೂ ಇರುವ ಪ್ರಮಾಣ ನೋಡಿದರೆ ದಿನದ ಮೀಥೇನ್ ಎಷ್ಟೆಂದು ತಿಳಿಯುತ್ತದೆ. ಜಾನುವಾರುಗಳ ಮೀಥೇನಿನ ಮೇಲೆ ಕೆಲಸ ಮಾಡುವ ರಾಷ್ಟ್ರೀಯ ಸಂಸ್ಥೆ ನಮ್ಮ ಊರಿನಲ್ಲೇ, ಆಡುಗೋಡಿಯಲ್ಲಿದೆ: ಪಶು ಪೋಷಣೆ ಮತ್ತು ಶರೀರಕ್ರಿಯಾ ವಿಜ್ಞಾನ ಸಂಸ್ಥೆ. ಟ್ಯಾನಿನ್ ಹೆಚ್ಚಿರುವ ಸಸ್ಯಗಳಿಂದ ‘ಹರಿತ್ ಧಾರಾ’ ಎಂಬ ಮೇವಿನ ಪೂರಕವನ್ನು ಅಲ್ಲಿ ರೂಪಿಸಿದ್ದಾರೆ. ಮೀಥೇನ್ ನೂರಕ್ಕೆ 17ರಿಂದ 20ರಷ್ಟು ಇಳಿಯುತ್ತದೆಂಬುದು ಸಂಸ್ಥೆಯ ಲೆಕ್ಕ.

ಹಾಲು ಕೊಡುವ ಹಸು ವರ್ಷಕ್ಕೆ ಸುಮಾರು 70 ಕೆಜಿ ಮೀಥೇನ್ ಬಿಡುತ್ತದೆಂದು ಹಿಡಿಯಿರಿ. ಅದು 1,890 ಕೆಜಿ ಇಂಗಾಲದ ಡೈಆಕ್ಸೈಡಿಗೆ ಸಮ. ವರ್ಷಕ್ಕೆ 2,500 ಲೀಟರ್ ಕರೆದರೆ ಲೀಟರಿಗೆ 756 ಗ್ರಾಂ. ಒಂದು ಪೂರ್ತಿ ಕಾಫಿಗೆ 100 ಮಿಲಿ ಹಾಲೆಂದರೆ 76 ಗ್ರಾಂ, ಬೈ-ಟುವಿನಲ್ಲಿ 38. ಅಂದರೆ ಅರ್ಧ ಲೋಟ ಕಾಫಿಯ ಹಾಲೂ ಎರಡು ಇಡ್ಲಿಯ ಅಕ್ಕಿಯೂ ಹತ್ತಿರ ಹತ್ತಿರ ಸರಿಸಮ. ನೂರಾರು ವರ್ಷದ ಮಿತವ್ಯಯದ ಬುದ್ಧಿಯೇ ಬೈ-ಟುವಿನ ರೂಪ ತಾಳಿದೆ ಎಂದು ನಾನು ವಾದಿಸಬಲ್ಲೆ, ಆದರೆ ಜೇಬಿನ ಕಾರಣ ಎಲ್ಲರಿಗೂ ಗೊತ್ತಿದೆ.

ಅದೇ ಹಸು 1,200 ಲೀಟರ್ ಮಾತ್ರ ಕೊಟ್ಟರೆ ಲೀಟರಿಗೆ ಒಂದೂವರೆ ಕೆಜಿ ದಾಟುತ್ತದೆ. ಬಡವರ ಮನೆಯ ಹಸುವಿಗೆ ಲೆಕ್ಕದಲ್ಲಿ ದಂಡ ಬಿದ್ದಂತೆ. ಆದರೆ ಆ ಹಸು ಹಾಲು ಮಾತ್ರ ಕೊಡುವುದಿಲ್ಲ. ಸಗಣಿ ಗೊಬ್ಬರವಾಗುತ್ತದೆ, ಕರು ಎತ್ತಾಗಿ ಉಳುತ್ತದೆ, ಅದು ತಿನ್ನುವುದು ಬಹುಮಟ್ಟಿಗೆ ಹೊಲದಲ್ಲಿ ಉಳಿದ ಹುಲ್ಲು. ಹೊರೆಯನ್ನು ಇವೆಲ್ಲದರ ನಡುವೆ ಹಂಚಬೇಕು. ಹೇಗೆ ಹಂಚುವುದು? ತೂಕದ ಪ್ರಕಾರ ಹಂಚಿದರೆ ಸಗಣಿಯೇ ಗೆಲ್ಲುತ್ತದೆ. ಬೆಲೆಯ ಪ್ರಕಾರ ಹಂಚಿದರೆ ಮಾರದ ಸಗಣಿಗೆ ಬೆಲೆಯೇ ಇಲ್ಲ. ತುಪ್ಪದಲ್ಲೂ ಇದೇ ಜಗಳ: ಒಂದು ಕೆಜಿ ತುಪ್ಪಕ್ಕೆ ಇಪ್ಪತ್ತೈದು ಲೀಟರಿನಷ್ಟು ಹಸುವಿನ ಹಾಲು ಬೇಕು, ಆದರೆ ಮಜ್ಜಿಗೆಯನ್ನು ಯಾರೂ ಮೋರಿಗೆ ಚೆಲ್ಲುವುದಿಲ್ಲ. ಹಂಚಿಕೆಯ ನಿಯಮ ಬದಲಾದರೆ ಒಂದೇ ತುಪ್ಪದ ಇಂಗಾಲ ಎರಡು ಪಟ್ಟಾಗಲೂ ಬಹುದು. ವಿಜ್ಞಾನ ಇಲ್ಲಿ ಅರ್ಧ ದಾರಿ ಕರೆತರುತ್ತದೆ. ಉಳಿದರ್ಧದಲ್ಲಿ ಕಸುಬುದಾರರ ನ್ಯಾಯಬುದ್ಧಿ ಕೆಲಸ ಮಾಡಬೇಕು. ಒಳ್ಳೆಯವರು ತಾವು ಹೇಗೆ ಹಂಚಿದೆವೆಂದು ಮೊದಲ ಪುಟದಲ್ಲೇ ಬರೆದಿಡುತ್ತಾರೆ.

ಕಾಫಿಪುಡಿಯ ಖಾತೆಯಲ್ಲಿ ಇನ್ನೊಂದು ವಿಚಿತ್ರ. ಕಾಡು ಕಡಿದು ಬೆಳೆ ಇಟ್ಟರೆ ಆ ಮರಗಳ ಇಂಗಾಲವನ್ನು ಬೆಳೆಯ ತಲೆಗೆ ಕಟ್ಟುತ್ತಾರೆ, ಆದರೆ ಸಾಮಾನ್ಯ ನಿಯಮ ನೋಡುವುದು ಹಿಂದಿನ 20 ವರ್ಷ ಮಾತ್ರ. ಕೊಡಗಿನಲ್ಲಿ 1850ರ ದಶಕದಿಂದ ಯುರೋಪಿಯನ್ನರು ಎಬ್ಬಿಸಿದ ತೋಟಗಳ ಕಾಡು ಈ ನಿಯಮದ ಕಣ್ಣಿಗೆ ಬೀಳುವುದಿಲ್ಲ. ಬೇರೆ ದೇಶದಲ್ಲಿ ಹತ್ತು ವರ್ಷದ ಹಿಂದೆ ಎದ್ದ ತೋಟ ಪೂರ್ತಿ ದಂಡ ತೆರುತ್ತದೆ. ನಮ್ಮ ತೋಟಗಳ ನೆರಳಿನ ಮರಗಳು ಇವತ್ತು ಇಂಗಾಲ ಹಿಡಿದಿಟ್ಟುಕೊಂಡಿವೆ ಎಂಬುದು ನಿಜ. ನಮಗೆ ಅನುಕೂಲವಾದ ನಿಯಮ ಎಂಬುದೂ ನಿಜ.

ಇಷ್ಟೆಲ್ಲ ಶ್ರಮದ ಫಲವನ್ನು ಪೊಟ್ಟಣದ ಮೇಲೆ ಅಚ್ಚು ಹಾಕುವ ಆಸೆ ಹಿಂದೊಮ್ಮೆ ಜೋರಾಗಿತ್ತು. 2007ರಲ್ಲಿ ಬ್ರಿಟನ್ನಿನ ವಾಕರ್ಸ್ ಕಂಪನಿ ಆಲೂಗಡ್ಡೆ ಚಿಪ್ಸಿನ ಪೊಟ್ಟಣದ ಮೇಲೆ 75 ಗ್ರಾಂ ಎಂದು ಇಂಗಾಲದ ತೂಕ ಮುದ್ರಿಸಿತು. ಅದೇ ವರ್ಷ ಅಲ್ಲಿಯ ಸೂಪರ್‌ಮಾರ್ಕೆಟ್ ಟೆಸ್ಕೊ ತನ್ನ 70,000 ಸರಕುಗಳಿಗೂ ಹಾಗೆ ಮಾಡುವೆನೆಂದಿತು. ಒಂದೊಂದು ಸರಕಿಗೂ ತಿಂಗಳುಗಟ್ಟಲೆ ಕೆಲಸ ಹಿಡಿದು 2012ರಲ್ಲಿ ಕೈಬಿಟ್ಟಿತು. ನಮ್ಮಲ್ಲಿ ಲೇಬಲ್ಲಿನ ಗದ್ದಲವಿಲ್ಲದೆ ಒಳ್ಳೆಯ ಕೆಲಸ ನಡೆದಿದೆ. ದೆಹಲಿಯ ಭಾರತೀಯ ಕೃಷಿ ಸಂಶೋಧನಾ ಸಂಸ್ಥೆಯ ಎಚ್. ಪಾಠಕ್ ಮತ್ತು ಸಂಗಡಿಗರು 2010ರಲ್ಲಿ 24 ಭಾರತೀಯ ಆಹಾರಗಳ ಲೆಕ್ಕ ಪ್ರಕಟಿಸಿದರು. ಒಟ್ಟು ಹೊರೆಯಲ್ಲಿ ನೂರಕ್ಕೆ 87 ಭಾಗ ಬೆಳೆಯುವಾಗ, 10 ಭಾಗ ಅಡುಗೆಯಲ್ಲಿ, 2 ಭಾಗ ಸಂಸ್ಕರಣೆಯಲ್ಲಿ, ಸಾಗಾಣಿಕೆಗೆ ಬರೀ 1 ಭಾಗ. ಮಟನ್ ಇರುವ ಊಟ ಸಸ್ಯಾಹಾರದ ಊಟದ 1.8 ಪಟ್ಟು.

ಲೆಕ್ಕ ಮುಗಿಸುವ ಮೊದಲು ಕಸುಬುದಾರರು ಇನ್ನೊಂದು ಕೆಲಸ ಮಾಡುತ್ತಾರೆ. ಒಂದೊಂದೇ ಸಂಖ್ಯೆಯನ್ನು ಹಿಡಿದು ಅಲುಗಾಡಿಸುತ್ತಾರೆ. ಲಾರಿಯ ಮೈಲೇಜ್ ಅರ್ಧವಾದರೆ? ತಿಂಡಿಯ ಮೊತ್ತ ಮೂರು ಗ್ರಾಂ ಕದಲುತ್ತದೆ. ಗ್ರೈಂಡರ್ ಎರಡು ಗಂಟೆ ತಿರುಗಿದರೆ? ಇನ್ನು ಮೂರೂವರೆ. ಗದ್ದೆ ಬಸಿದದ್ದೋ ನಿಂತದ್ದೋ ಎಂಬುದರಿಂದ 18 ಗ್ರಾಂ ವ್ಯತ್ಯಾಸ. ಹಸು 2,500 ಲೀಟರ್ ಕರೆಯಿತೋ 1,200 ಕರೆಯಿತೋ ಎಂಬುದರಿಂದ 40 ಗ್ರಾಂ. ನೂರು ವರ್ಷದ ಬದಲು ಇಪ್ಪತ್ತು ವರ್ಷದ ಅವಧಿ ಹಿಡಿದರೆ ಮೀಥೇನಿನ ದರ 27ರಿಂದ ಸುಮಾರು 80ಕ್ಕೆ ಜಿಗಿಯುತ್ತದೆ, ಅಕ್ಕಿ-ಹಾಲು ಎರಡೂ ಮೂರು ಪಟ್ಟು ಭಾರವಾಗುತ್ತವೆ. ಉದ್ದು, ತೆಂಗಿನಕಾಯಿ, ಸಕ್ಕರೆ, ಕಾಫಿಪುಡಿ, ಯೂರಿಯಾ ಕಾರ್ಖಾನೆ ಇನ್ನೂ ಸೇರಬೇಕು. ಅದಕ್ಕೆ ಮೊದಲೇ ನಮ್ಮ ತಿಂಡಿ 100 ಗ್ರಾಂ ಮುಟ್ಟಿದೆ. ಅಲುಗಾಡಿಸಿ ನೋಡಿದ ಮೇಲೆ ಮುಂದೆ ಯಾವ ಅಳತೆಗೆ ಹೊರಡಬೇಕೆಂಬುದು ಗೊತ್ತಾಗುತ್ತದೆ. ಚಾಮರಾಜಪೇಟೆಯ ಹೋಟೆಲಿನಲ್ಲಿ ಸಿಲಿಂಡರ್ ತೂಗಲು ಅರ್ಧ ದಿನ ಸಾಕು. ಉಳಿದ ದಿನಗಳನ್ನು ಅಕ್ಕಿ ಬೆಳೆದ ಗದ್ದೆಯ ಬದುವಿನಲ್ಲೂ ಹಾಲು ಕರೆದ ಕೊಟ್ಟಿಗೆಯಲ್ಲೂ ಕಳೆಯಬೇಕು.